ಮಹಲಿಗೆ ಬೇಕಿರುವುದು ಗಾರೆಯವರು

ದಸರೆಗೆ ಮೈಸೂರು ಅರಮನೆಯ ಬಲ್ಬುಗಳ ಮೇಲಿರುವ ನಮ್ಮ ಉತ್ಸಾಹದಲ್ಲಿ ಕಾಲುಭಾಗವೂ ಜಯಲಕ್ಷ್ಮಿ ವಿಲಾಸದ ಸೂರಿನ ಮೇಲಿಲ್ಲ. ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಈ ಮಹಲು 1905ರದ್ದು. ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ್ದು. ಜೋಡಿ ಕಂಬಗಳೆಲ್ಲ ಗ್ರೀಕ್ ಧಾಟಿಯವು, ಅವುಗಳ ಮೇಲಿನ ಮುಕ್ಕೋನದಲ್ಲಿ ಕೂತವಳು ಮಾತ್ರ ನಮ್ಮ ಗಜಲಕ್ಷ್ಮಿ. ಆ ಬೆರಕೆಯೇ ನನಗಿಷ್ಟ. ಆ ಆವರಣದಲ್ಲಿ ಓದುತ್ತಿದ್ದಾಗ ಮಹಲಿನೊಳಗಿನ ಜಾನಪದ ವಸ್ತುಸಂಗ್ರಹಾಲಯದ ತೊಗಲುಗೊಂಬೆ, ಸೋಮನ ಮುಖ ನೋಡಲೆಂದು ಹೋಗಿ, ಕೆತ್ತನೆಯ ಬಾಗಿಲುಗಳನ್ನೇ ನೋಡುತ್ತ ನಿಂತುಬಿಡುತ್ತಿದ್ದೆ.

2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯೂ ಆಯಿತು. ಆಮೇಲೆ? ಸುಣ್ಣದ ಗಾರೆಯ ಕಟ್ಟಡಕ್ಕೆ ಮಳೆನೀರೇ ಶತ್ರು. ತಾರಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಸಾಕು, ಗೋಡೆ ನೆನೆಯುತ್ತದೆ. ಹಕ್ಕಿ ಉದುರಿಸಿದ ಅರಳಿ ಬೀಜ ಸಂದಿಯಲ್ಲೇ ಬೇರು ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರಂತೂ ತೇವ ಒಳಗೇ ಉಳಿದು ಇನ್ನಷ್ಟು ಕೇಡು.

2012ರಲ್ಲಿ ಇದೇ ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು. ಆದರೂ ನಾವು ಕಾಯುವುದು ಕೋಟಿಗಳ ಅನುದಾನಕ್ಕೆ, ಶಂಕುಸ್ಥಾಪನೆಯ ಫೋಟೋಕ್ಕೆ. ಅದರ ಬದಲು, ಪ್ರತಿ ವರ್ಷ ಮುಂಗಾರಿಗೆ ಮುಂಚೆ ತಾರಸಿ ಹತ್ತಿ ಗಿಡ ಕಿತ್ತು, ಬಿರುಕಿಗೆ ಸುಣ್ಣದ ಗಾರೆ ತುಂಬುವ ಇಬ್ಬರು ಕೆಲಸಗಾರರ ಸಂಬಳವನ್ನು ಬಜೆಟ್‌ನಲ್ಲಿ ಕಾಯಂ ಮಾಡಿ.