ಬಿಜಾಗರಿಗೂ ಹಿಡಿಕೆಗೂ ಒಂದೇ ಮನೆತನವೇಕೆ?

ಕಳೆದ ವರ್ಷ ಗಬ್ಬೂರಿನ ನಮ್ಮ ಮನೆಯ ಅಡುಗೆಮನೆಯನ್ನು ದುರಸ್ತಿ ಮಾಡಿಸಬೇಕಾಯಿತು. ಕಟ್ಟೆಯ ಕೆಳಗಿನ ಹಳೆಯ ಬಾಗಿಲುಗಳು ಉಬ್ಬಿ, ಅರ್ಧ ಮುಚ್ಚಿ ಅರ್ಧ ತೆರೆದು, ಬೇಸಿಗೆಯ ಹಗಲಿನಲ್ಲಿ ಬಾಯಿ ತೆರೆದು ಮಲಗಿದ ನಾಯಿಗಳಂತೆ ಕಾಣುತ್ತಿದ್ದವು. ಸುದ್ದಿ ತಿಳಿದ ಕೂಡಲೇ ಸಲಹೆಗಳ ಸುರಿಮಳೆ ಆರಂಭವಾಯಿತು. ರಾಯಚೂರಿನಿಂದ ಒಬ್ಬರು, ಬೆಂಗಳೂರಿನಿಂದ ಇಬ್ಬರು, ಎಲ್ಲರದೂ ಒಂದೇ ಮಾತು. ಹಳೆಯ ಶಿಷ್ಯನೊಬ್ಬನಂತೂ ದೂರವಾಣಿಯಲ್ಲಿ ಕೈಮುಗಿಯುವ ಧ್ವನಿಯಲ್ಲೇ ಹೇಳಿದ: "ಸರ್, ಎಲ್ಲಾ ಒಂದೇ ಕಂಪನೀದ ತಗೋರಿ. ಬಿಜಾಗರಿ ಒಂದ್ ಕಡೆ, ಚಾನೆಲ್ ಒಂದ್ ಕಡೆ, ಹಿಡಿಕಿ ಒಂದ್ ಕಡೆ ತಂದ್ರ ಗ್ಯಾರಂಟಿ ಇರಂಗಿಲ್ರಿ."

ಅವನ ಕಾಳಜಿಗೆ ನಾನು ಋಣಿ. ಆದರೆ ಅವನ ಮಾತನ್ನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣಗಳನ್ನು ಫೋನಿನಲ್ಲಿ ಹೇಳಿ ಮುಗಿಸಲಾಗಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಮೇಷ್ಟರು ನಿವೃತ್ತರಾದರೂ ಪಾಠ ನಿಲ್ಲಿಸಲಿಲ್ಲವೆಂದು ನೀವು ನಗುವುದಾದರೆ ನಗಬಹುದು.

ಮೊದಲು ಆ 'ಸೆಟ್ಟಿ'ನ ವಿಚಾರ. ಎಲ್ಲವನ್ನೂ ತಾವೇ ಒದಗಿಸಿ ಜೋಡಿಸಿಕೊಡುವ ಒಂದು ಮಳಿಗೆಯವರು ನನಗೆ ಅಂದಾಜು ಪಟ್ಟಿ ಕೊಟ್ಟರು. ಅದರಲ್ಲಿ ಬಿಜಾಗರಿ, ಚಾನೆಲ್, ಬುಟ್ಟಿ, ಹಿಡಿಕೆಗಳೆಲ್ಲ ಸೇರಿ 'ಹಾರ್ಡ್‌ವೇರ್' ಎಂಬ ಒಂದೇ ಸಾಲು. ಎದುರಿಗೆ 46,000 ರೂಪಾಯಿ. ಬಿಡಿಬಿಡಿಯಾಗಿ ಬರೆದುಕೊಡಿ ಎಂದು ಕೇಳಿದೆ. "ಹಂಗ ಕೊಡೋ ಪದ್ಧತಿ ಇಲ್ರಿ ಸರ್" ಎಂದರು. ಮೂರು ದಶಕಗಳ ಕಾಲ ಲೆಕ್ಕದ ಉತ್ತರಪತ್ರಿಕೆ ತಿದ್ದಿದವನು ನಾನು. ಹಂತಗಳನ್ನು ತೋರಿಸದೆ ಬರೀ ಉತ್ತರ ಬರೆದ ಹುಡುಗನಿಗೆ ನಾನೆಂದೂ ಪೂರ್ಣ ಅಂಕ ಕೊಟ್ಟವನಲ್ಲ. ಅಂಗಡಿಯವರಿಗೆ ಮಾತ್ರ ಏಕೆ ಕೊಡಲಿ?

ಕಾರ್ಖಾನೆಯಲ್ಲಿ ಸಿದ್ಧಪಡಿಸಿ ತಂದು ಜೋಡಿಸುವ ಅಡುಗೆಮನೆಯ ಕಲ್ಪನೆ ಹುಟ್ಟಿದ್ದಾದರೂ ಯಾವುದಕ್ಕಾಗಿ? 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಒಂದು ಪುಟ್ಟ ಅಡುಗೆಮನೆಯನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್, ಅಷ್ಟೆ. ಸುಮಾರು 10,000 ಮನೆಗಳಿಗೆ ಅದನ್ನು ಅಳವಡಿಸಿದರು. ದುಡಿಯುವ ಕುಟುಂಬಗಳಿಗೆ ಖರ್ಚು ಕಡಿಮೆಯಾಗಲಿ, ಹೆಣ್ಣುಮಕ್ಕಳ ನಡಿಗೆ ಕಡಿಮೆಯಾಗಲಿ ಎಂಬುದೇ ಅದರ ಉದ್ದೇಶ. ಉಳಿತಾಯಕ್ಕಾಗಿ ಹುಟ್ಟಿದ ವಸ್ತು ಇಂದು ನಮ್ಮಲ್ಲಿ ಪ್ರತಿಷ್ಠೆಯ ವಸ್ತುವಾಗಿ, ಒಡೆದು ನೋಡಬಾರದ ಗಂಟಾಗಿ ಮಾರಾಟವಾಗುತ್ತಿದೆ!

ಬೇರೆ ಬೇರೆ ತಯಾರಕರ ಸಾಮಾನುಗಳನ್ನು ಕೂಡಿಸಲು ಸಾಧ್ಯವೇ ಎಂಬುದು ಮುಂದಿನ ಪ್ರಶ್ನೆ. ಸಾಧ್ಯ, ಏಕೆಂದರೆ ಅಳತೆ ಎಂಬುದು ಯಾರೊಬ್ಬರ ಸ್ವತ್ತೂ ಅಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ತಿರುಪಿಗೂ ಒಂದೊಂದು ಎಳೆ ಇರುತ್ತಿತ್ತು; ಇಲ್ಲಿಯ ಬೋಲ್ಟು ಅಲ್ಲಿಯ ನಟ್ಟಿಗೆ ಕೂಡುತ್ತಿರಲಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಲ್ಲರಿಗೂ ಒಂದೇ ಎಳೆ ಇರಲೆಂದು 55 ಡಿಗ್ರಿ ಕೋನದ ಅಳತೆಯನ್ನು ಮುಂದಿಟ್ಟರು. ಆಮೇಲೆಯೇ ಬೋಲ್ಟು ಒಬ್ಬರಲ್ಲಿ, ನಟ್ಟು ಇನ್ನೊಬ್ಬರಲ್ಲಿ ಕೊಳ್ಳುವ ಸ್ವಾತಂತ್ರ್ಯ ಜನರಿಗೆ ಬಂದದ್ದು. ಅಡುಗೆಮನೆಯ ಕಪಾಟುಗಳಿಗೂ ಇಂಥದೇ ಒಂದು ಸಾಮಾನ್ಯ ಅಳತೆ ಇದೆ. ಎರಡು ತೂತುಗಳ ನಡುವೆ 32 ಮಿಲಿಮೀಟರ್. ಮುಂದಿನ ಅಂಚಿನಿಂದ ತೂತಿನ ಸಾಲಿಗೆ 37 ಮಿಲಿಮೀಟರ್. ಹಿಡಿಕೆಗಳ ತೂತಿನ ಅಂತರ 96, 128, 160, 192 ಎಂದೇಕೆ ಇರುತ್ತದೆಂದು ಎಂದಾದರೂ ಯೋಚಿಸಿದ್ದೀರಾ? 32ರ ಮಗ್ಗಿ ಹೇಳಿಕೊಂಡು ನೋಡಿ. ಮೂರು, ನಾಲ್ಕು, ಐದು, ಆರು!

ನಮ್ಮ ಸೀಮೆಯ ಹಿರಿಯರು ನಿಜಾಮರ ಆಳ್ವಿಕೆಯಲ್ಲಿ ಎರಡು ನಾಣ್ಯಗಳೊಡನೆ ಬಾಳಿದವರು. ಏಳು ಹಾಲಿ ಸಿಕ್ಕಾ ರೂಪಾಯಿಗೆ ಆರು ಕಲದಾರ ರೂಪಾಯಿ. ನಾಣ್ಯ ಎರಡಾಯಿತೆಂದು ಅವರು ಸಂತೆಗೆ ಹೋಗುವುದನ್ನು ಬಿಡಲಿಲ್ಲ, ಲೆಕ್ಕ ಕಲಿತರು. ನಾವೂ ಮಾಡಬೇಕಾದದ್ದು ಅಷ್ಟೇ.

ಆದರೆ ಲೆಕ್ಕ ಕಲಿಯದೆ ಕೂಡಿಸಿದರೆ ಏನಾಗುತ್ತದೆಂಬುದನ್ನೂ ಮುಚ್ಚಿಡದೆ ಹೇಳಬೇಕು. ಆ ತಪ್ಪು ಮಾಡಿದವನು ಬೇರಾರೂ ಅಲ್ಲ, ನಾನೇ.

ಕೆಲವು ವರ್ಷಗಳ ಹಿಂದೆ ಮೇಲಿನ ಕಪಾಟಿನ ಒಂದು ಬಿಜಾಗರಿ ಮುರಿಯಿತು. ಪೇಟೆಯಲ್ಲಿ ಆಟೋ ಹಿಂಜ್ ಎನ್ನುತ್ತಾರಲ್ಲ, ಒಳಗೆ ಬಟ್ಟಲಿನಂತೆ ಕೂರುವ ಬಿಜಾಗರಿ, ಅದು. ಬಟ್ಟಲಿನ ವ್ಯಾಸ 35 ಮಿಲಿಮೀಟರ್. ಸಾಮಾನ್ಯವಾಗಿ ಎಲ್ಲ ತಯಾರಕರದೂ ಅಷ್ಟೇ. ಅಷ್ಟನ್ನು ತಿಳಿದೇ ನಾನು ಜಾಣನೆಂದುಕೊಂಡು, ಕೈಗೆ ಸಿಕ್ಕ ಅಗ್ಗದ ಬಿಜಾಗರಿಯೊಂದನ್ನು ತಂದೆ. ಬಟ್ಟಲು ಸರಿಯಾಗಿಯೇ ಕೂತಿತು. ಆದರೆ ಬಟ್ಟಲಿನ ಪಕ್ಕದ ಸ್ಕ್ರೂಗಳ ಅಂತರ ಎಲ್ಲರದೂ ಒಂದೇ ಅಲ್ಲವೆಂದು ನನಗೆ ಗೊತ್ತಿರಲಿಲ್ಲ. ಆಸ್ಟ್ರಿಯಾದ ಬ್ಲೂಮ್‌ನವರದು 45 ಮಿಲಿಮೀಟರ್, ಜರ್ಮನಿಯ ಹೆಟ್ಟಿಕ್‌ನವರದು 52. ಹಳೆಯ ತೂತಿನ ಮಗ್ಗುಲಲ್ಲೇ ಹೊಸ ತೂತು ಕೊರೆದೆ, ಹಲಗೆ ಪುಡಿಯಾಯಿತು. ಅಷ್ಟಕ್ಕೂ ನಿಲ್ಲದೆ, ಕಪಾಟಿನ ಗೋಡೆಯಲ್ಲಿದ್ದ ಹಳೆಯ ಕಂಪನಿಯ ತಟ್ಟೆಯನ್ನು ಹಾಗೆಯೇ ಉಳಿಸಿಕೊಂಡು ಹೊಸ ಬಿಜಾಗರಿಯ ತೋಳನ್ನು ಅದಕ್ಕೆ ಒತ್ತಿ ಸಿಕ್ಕಿಸಿದೆ. ಕೂತಂತೆ ಕಂಡಿತು. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ಪೂರ್ತಿ ಕಳಚಿ ನನ್ನ ಶ್ರೀಮತಿಯವರ ಪಾದದ ಮೇಲೆ ಬಿತ್ತು. ಎರಡು ವಾರ ಅವರು ಕುಂಟುತ್ತಲೇ ರೊಟ್ಟಿ ಬಡಿದರು. ಉಳಿಸಿದ್ದು ನಾನು, ಬೆಲೆ ತೆತ್ತವರು ಅವರು. 'ಅಗ್ಗವೆಂದು ಮುಗ್ಗಿದ ಜೋಳ ತಂದಂತೆ' ಎಂಬ ಮಾತಿನ ಅರ್ಥ ಆ ದಿನ ನನಗೆ ಸ್ಪಷ್ಟವಾಯಿತು.

ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮ ಒಂದೇ. ನಮ್ಮೂರ ಹಳೆಯ ದೇವಾಲಯಗಳನ್ನು ನೀವೆಲ್ಲ ನೋಡಿದ್ದೀರಿ. ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡಗಳಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂತಿರುತ್ತದೆ. ಕಂಬದ ತಲೆಯೂ ಅದರ ಮೇಲಿನ ಬೋದಿಗೆಯೂ ಒಂದಕ್ಕೊಂದು ಕೂಡುವ ಜಾಗವನ್ನು ಒಂದೇ ಅಳತೆಗೋಲಿನಿಂದ ನೋಡಿ ಕೆತ್ತಬೇಕು. ದೂರದ ಇನ್ನೊಂದು ಕಂಬವನ್ನು ಬೇರೆ ಶಿಲ್ಪಿ ಕೆತ್ತಿದರೆ ಮನೆಯೇನೂ ಮುಳುಗುವುದಿಲ್ಲ. ಅಡುಗೆಮನೆಯಲ್ಲೂ ಹಾಗೆಯೇ. ಒಂದಕ್ಕೊಂದು ಸಿಕ್ಕಿಕೊಂಡು ಚಲಿಸುವ ಎರಡು ಭಾಗಗಳು ಒಂದೇ ತಯಾರಕರದಾಗಿರಲಿ. ಉಳಿದವು ಯಾರದಾದರೂ ಇರಲಿ.

ಬಿಡಿಸಿ ಹೇಳುತ್ತೇನೆ. ಬಿಜಾಗರಿಯ ತೋಳು ಮತ್ತು ಅದರ ತಟ್ಟೆ ಒಂದೇ ಕಂಪನಿಯವು, ಒಂದೇ ಮಾದರಿಯವು ಆಗಿರಬೇಕು. ಒಂದು ಬಾಗಿಲಿನ ಎಲ್ಲ ಬಿಜಾಗರಿಗಳೂ ಒಂದೇ ಬಗೆಯವಿರಬೇಕು. ಡ್ರಾವರಿನ ಟೆಲಿಸ್ಕೋಪಿಕ್ ಚಾನೆಲ್ಲನ್ನು ಜೋಡಿಯಾಗಿಯೇ ಕೊಳ್ಳಬೇಕು. ಹೊರಗಿನ ಹಳಿ ಒಬ್ಬರದು, ಒಳಗಿನ ಹಳಿ ಇನ್ನೊಬ್ಬರದು ಎಂದರೆ ಗುಂಡುಗಳು ಉದುರುತ್ತವೆ. ಉಕ್ಕಿನ ಪಕ್ಕಗಳೊಡನೆ ಬರುವ ಟ್ಯಾಂಡೆಮ್ ಪೆಟ್ಟಿಗೆಯನ್ನು ಕೊಳ್ಳುವುದಾದರೆ ಇಡಿಯಾಗಿಯೇ ಕೊಳ್ಳಿ. ಅದರ ಅಳತೆಗಳು ಅದರ ಮನೆಯವೇ. ಇಷ್ಟು ಮಾತ್ರ ಮುಟ್ಟಬಾರದ ಜೋಡಿಗಳು.

ಇನ್ನು ಧಾರಾಳವಾಗಿ ಬೆರೆಸಬಹುದಾದವು. ಹಿಡಿಕೆ, ಬುಟ್ಟಿ, ಬೀಗ, ಕಾಲು, ಕೊಕ್ಕೆ ಇವುಗಳಿಗೂ ಬಿಜಾಗರಿಗೂ ಯಾವ ನಂಟೂ ಇಲ್ಲ. ಬಿಜಾಗರಿ ಒಂದು ಕಂಪನಿಯದು, ಚಾನೆಲ್ ಇನ್ನೊಂದರದು ಆದರೂ ಅವೆರಡೂ ಒಂದನ್ನೊಂದು ಎಂದೂ ಮುಟ್ಟುವುದಿಲ್ಲ. ಸಾಮಾನ್ಯ ಚಾನೆಲ್ಲಿಗೆ ಬೇಕಾದದ್ದು ಎರಡೂ ಪಕ್ಕಗಳಲ್ಲಿ ತಲಾ ಅರ್ಧ ಇಂಚು ಜಾಗ. ಬಡಿಗರ ಭಾಷೆಯಲ್ಲಿ ನಾಲ್ಕು ಸೂತ. ಎಂದರೆ ಕಪಾಟಿನ ಬಾಯಿಗಿಂತ ಡ್ರಾವರ್ ಒಂದು ಇಂಚು ಕಿರಿದಾಗಿರಬೇಕು. ಇಷ್ಟು ಗೊತ್ತಿದ್ದರೆ ಯಾವ ಊರಿನ ಚಾನೆಲ್ಲಾದರೂ ನಿಮ್ಮದೇ.

ಬುಟ್ಟಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅಯಸ್ಕಾಂತ ಹಿಡಿದು "ನೋಡ್ರಿ, ಅಂಟಂಗಿಲ್ಲ, ಅಸಲಿ ಸ್ಟೀಲ್" ಎನ್ನುವವರಿದ್ದಾರೆ. ನಂಬಬೇಡಿ. 202 ಎಂಬ ಸಂಖ್ಯೆಯ ಸ್ಟೀಲಿಗೂ ಅಯಸ್ಕಾಂತ ಹೆಚ್ಚುಕಡಿಮೆ ಅಂಟುವುದಿಲ್ಲ. 304ರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. 202ರಲ್ಲಿ ನಿಕಲ್ಲನ್ನು ಕಡಿತ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಉಪ್ಪು, ಹುಣಸೆ, ನೀರು ಬೀಳುವ ಜಾಗದಲ್ಲಿ ತುಕ್ಕು ಮೊದಲು ಹಿಡಿಯುವುದು ಅದಕ್ಕೇ. ಬಿಲ್ಲಿನ ಮೇಲೆ 304 ಎಂದು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಂತೆಯೇ.

ಈಗ ಲೆಕ್ಕ, ಹಂತಗಳೊಡನೆ. ನಮ್ಮ ಅಡುಗೆಮನೆಗೆ ಬಾಗಿಲು 14, ಡ್ರಾವರ್ 6; ಅವುಗಳಲ್ಲಿ ಐದಕ್ಕೆ ತಂತಿಬುಟ್ಟಿ. ಮೆಲ್ಲಗೆ ಮುಚ್ಚುವ ಬಿಜಾಗರಿ 28, ತಲಾ 180ರಂತೆ 5,040 ರೂಪಾಯಿ. ಚಾನೆಲ್ 6 ಜೋಡಿ, ತಲಾ 450ರಂತೆ 2,700. ಹಿಡಿಕೆ 20, ತಲಾ 90ರಂತೆ 1,800. ಬುಟ್ಟಿ 5, ತಲಾ 2,400ರಂತೆ 12,000. ಒಟ್ಟು 21,540. ಮಳಿಗೆಯವರ 46,000ದಿಂದ ಕಳೆದರೆ ಉಳಿದದ್ದು 24,460 ರೂಪಾಯಿ. ಕಟ್ಟೆಯ ಕೆಳಗಿನ ಶಹಾಬಾದ್ ಪರಸಿಯ ಅಡ್ಡಗೋಡೆಗಳನ್ನು ಒಡೆಯಿಸಿ ಪ್ಲೈವುಡ್ ಪೆಟ್ಟಿಗೆ ಕೂರಿಸಬೇಕೆಂಬ ಸಲಹೆಯನ್ನೂ ನಾನು ಕೇಳಲಿಲ್ಲ. ಗೆದ್ದಲು ತಿನ್ನದ, ನೀರಿಗೆ ಉಬ್ಬದ ಕಲ್ಲನ್ನು ದುಡ್ಡು ಕೊಟ್ಟು ಒಡೆಸುವುದು ಯಾವ ಬುದ್ಧಿವಂತಿಕೆ? ಕಲ್ಲಿಗೆ ಮರದ ಚೌಕಟ್ಟು ಕೂರಿಸಿ ಅದಕ್ಕೇ ಬಾಗಿಲು ಹಚ್ಚಿಸಿದೆವು.

ಗ್ಯಾರಂಟಿಯ ಮಾತಿಗೆ ಬರೋಣ. ನನ್ನ ಶಿಷ್ಯನ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ನಾಲ್ಕು ಕಡೆಯ ಸಾಮಾನು ತಂದಾಗ, ಏನಾದರೂ ಕೆಟ್ಟರೆ ನಾಲ್ವರೂ ಪರಸ್ಪರ ಬೆರಳು ತೋರಿಸುತ್ತಾರೆ. ಬಡಿಗರು ಸಿಗದ, ನಿಂತು ಮಾಡಿಸಲು ಪುರಸೊತ್ತಿಲ್ಲದ ಊರುಗಳಲ್ಲಿರುವವರು ಇಡೀ ಸೆಟ್ಟನ್ನೇ ಕೊಳ್ಳಲಿ, ತಪ್ಪಿಲ್ಲ. ಆದರೆ ನಮ್ಮ ಸಂಬಂಧಿಕರೊಬ್ಬರ ಮನೆಯ ಕತೆಯನ್ನೂ ಕೇಳಿ. ಎಲ್ಲವನ್ನೂ ಒಂದೇ ಕಡೆ ಕೊಂಡರು. ಮೂರನೆಯ ವರ್ಷ ಒಂದು ಡ್ರಾವರಿನ ಹಳಿ ಕೆಟ್ಟಿತು. ಆ ವೇಳೆಗೆ ಮಾರಿದ ಮಳಿಗೆಯೇ ಮುಚ್ಚಿತ್ತು. ಆ ಅಳತೆಯ ಹಳಿ ಬೇರೆಲ್ಲೂ ಸಿಗದೆ ಇಡೀ ಡ್ರಾವರನ್ನೇ ಹೊಸದಾಗಿ ಮಾಡಿಸಿದರು. ಗ್ಯಾರಂಟಿಯ ಕಾಗದ ಮಾತ್ರ ಇನ್ನೂ ಹೊಸದರಂತೆಯೇ ಇದೆ! ನನ್ನ ಮಟ್ಟಿಗೆ ನಿಜವಾದ ಗ್ಯಾರಂಟಿ ಎಂದರೆ, ಕೆಟ್ಟ ಭಾಗ ರಾಯಚೂರಿನಲ್ಲೋ ದೇವದುರ್ಗದಲ್ಲೋ ಮರುದಿನವೇ ಸಿಗುವುದು ಮತ್ತು ಅದನ್ನು ಹಚ್ಚಬಲ್ಲ ಕೈ ಊರಿನಲ್ಲಿರುವುದು.

ಆ ಕೈಯ ಬಗ್ಗೆಯೇ ನನ್ನ ಕೊನೆಯ ಮಾತು. ನಮ್ಮ ಕೆಲಸ ಮಾಡಿದ ಬಡಿಗ ನನ್ನ ಹಳೆಯ ವಿದ್ಯಾರ್ಥಿ. ಏಳನೆಯ ತರಗತಿಯಲ್ಲಿ ಭಿನ್ನರಾಶಿಗೆ ಹೆದರಿ ಶಾಲೆ ತಪ್ಪಿಸುತ್ತಿದ್ದ ಹುಡುಗ. ಇಂದು ಸೂತವನ್ನು ಮಿಲಿಮೀಟರಿಗೆ, ಮಿಲಿಮೀಟರನ್ನು ಸೂತಕ್ಕೆ ಬಾಯಲ್ಲೇ ಬದಲಿಸುತ್ತಾನೆ. ಮೊದಲ ದಿನ ಕೂಲಿಯ ಮಾತು ಬಂದಾಗ ನಾನು ರೂಢಿಯಂತೆ ಚೌಕಾಸಿಗೆ ಇಳಿದೆ. ಆತ ತಲೆ ತಗ್ಗಿಸಿಕೊಂಡೇ ಹೇಳಿದ: "ಸರ್, ಶೋರೂಮಿನಾಗ ನೀವು ಹಿಂಗ ಕೇಳ್ತಿದ್ರೇನ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ತಂಪು ಗಾಳಿಯ ಮಳಿಗೆಯಲ್ಲಿ ಒಂದೇ ಸಾಲಿನ 46,000ಕ್ಕೆ ತಲೆಯಾಡಿಸುವ ನಾವು, ಅಂಗಳದಲ್ಲಿ ಕೂತು ದುಡಿಯುವವನ ನೂರು ರೂಪಾಯಿಗೆ ಗಂಟೆಗಟ್ಟಲೆ ವಾದಿಸುತ್ತೇವೆ. ಬೆರೆಸಿ ಕೊಳ್ಳುವುದರಿಂದ ಉಳಿಯುವ ಹಣ ಸಾಮಾನಿನಿಂದ ಉಳಿಯಬೇಕೇ ಹೊರತು ಬಡಿಗನ ಕೂಲಿಯಿಂದಲ್ಲ. ನಾಲ್ಕು ಕಂಪನಿಗಳ ಸಾಮಾನನ್ನು ಒಂದು ಅಡುಗೆಮನೆಯಾಗಿ ಮಾಡುವವನು ಅವನು. ಅವನು ಕೇಳಿದಷ್ಟು ಕೊಟ್ಟೆ. ಒಂದು ವರ್ಷದೊಳಗೆ ಯಾವ ಬಾಗಿಲು ಜೋತರೂ ಬಂದು ಸರಿಪಡಿಸುವೆನೆಂದು ಅವನೂ ಒಪ್ಪಿದ. ಈವರೆಗೆ ಎರಡು ಸಲ ಬಂದು ಸ್ಕ್ರೂ ತಿರುಗಿಸಿ, ಚಹಾ ಕುಡಿದು ಹೋಗಿದ್ದಾನೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ಮನೆ ಕಟ್ಟಿಸುವಾಗ ಬಿಡಿ ಲೆಕ್ಕ ಕೇಳಿ. ಮುಟ್ಟಿಕೊಳ್ಳುವ ಜೋಡಿಗಳನ್ನು ಅಗಲಿಸಬೇಡಿ; ಮುಟ್ಟದವನ್ನು ಒಂದೇ ಕಡೆ ಕೊಳ್ಳಲೇಬೇಕೆಂದು ಹೆದರಬೇಡಿ. ಎಲ್ಲಕ್ಕಿಂತ ಮೊದಲು, ಆ ಬಾಗಿಲನ್ನು ದಿನಕ್ಕೆ ಐವತ್ತು ಸಲ ತೆರೆಯುವವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ತೆರೆಸಿ ಮುಚ್ಚಿಸಿ ನೋಡಿ. ನಾನು ಇದನ್ನು ಕಲಿತದ್ದು ತಡವಾಗಿ, ಅದೂ ಇನ್ನೊಬ್ಬರ ಪಾದದ ಖರ್ಚಿನಲ್ಲಿ. ನೀವು ಹಾಗೆ ಕಲಿಯಬೇಕಾಗಿಲ್ಲ.