ಮಿತವ್ಯಯವೋ, ಮರ್ಯಾದೆಯ ಉಲ್ಲಂಘನೆಯೋ?

ಶೀತಕಪೆಟ್ಟಿಗೆಯಲ್ಲಿರಿಸಿದ ನಿನ್ನೆಯ ಸಾರನ್ನು ಇಂದು ಕಾಯಿಸಿ ಬಡಿಸುವುದನ್ನೇ ಮಿತವ್ಯಯವೆಂದು ಹೊಗಳುವ ಶ್ರಾವಕರು ಹೆಚ್ಚುತ್ತಿದ್ದಾರೆ. ಎಸೆದರೆ ಅನ್ನಕ್ಕೆ ಅಪಚಾರವೆಂಬುದು ಅವರ ವಾದ. ಶೈತ್ಯವು ಆಹಾರ ಕೆಡುವುದನ್ನು ತಡಮಾಡೀತೇ ಹೊರತು ಶ್ರಾವಕಾಚಾರದ ಕಾಲಮರ್ಯಾದೆಯನ್ನು ವಿಸ್ತರಿಸಲಾರದು. ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನಗಳ ಮಿತಿಯನ್ನು ಹಿರಿಯರು ವಿಧಿಸಿದ್ದು ಜೀವೋತ್ಪತ್ತಿಯನ್ನು ಗಮನದಲ್ಲಿಟ್ಟುಕೊಂಡು.

ಹಳೆಯ ದಾಸ್ತಾನು ಕರಗದೆ ಹೊಸ ಖರೀದಿ ಮಾಡುವ ವ್ಯಾಪಾರಿ ದಿವಾಳಿಯಾಗುತ್ತಾನೆ. ಮನೆಯ ಉಗ್ರಾಣಕ್ಕೆ ಈ ನಿಯಮವೇಕಿಲ್ಲ? ರಿಯಾಯಿತಿಯ ಆಸೆಗೆ ಹತ್ತಾರು ಕಿಲೋ ರವೆ ತಂದು, ಹುಳು ಬಿದ್ದ ಮೇಲೆ ಬಿಸಿಲಿಗೆ ಹರಡಿದರೆ ಅದು ಹಿಂಸೆ. ಅದರ ಬೀಜ ಬಿದ್ದದ್ದು ಖರೀದಿಯ ದಿನವೇ.

ಚಾತುರ್ಮಾಸಕ್ಕೆ ಮುನ್ನವೇ ಡಬ್ಬಿಗಳನ್ನು ಇಳಿಸಿ ಲೆಕ್ಕ ಹಾಕಿರಿ. ಶುದ್ಧವಾಗಿರುವ ಅಕ್ಕಿ, ಹೆಸರುಬೇಳೆ ಹುಗ್ಗಿಯಾಗಲಿ. ಅವಲಕ್ಕಿ ಒಗ್ಗರಣೆ ಕಾಣಲಿ. ಹಿಡಿಹಿಡಿಯಷ್ಟು ಉಳಿದ ಬೇಳೆಗಳು ಕೂಡಿ ತೊವ್ವೆಯಾಗಲಿ. ಅವು ಮುಗಿಯುವವರೆಗೆ ಅಂಗಡಿಗೆ ಬರಬೇಡಿರಿ. ಇದರಿಂದ ನನ್ನಂಥ ವ್ಯಾಪಾರಿಗೇ ನಷ್ಟ, ಆದರೂ ಹೇಳುತ್ತೇನೆ.

ಬಸದಿಗಳ ಟ್ರಸ್ಟುಗಳೂ ಭೋಜನಶಾಲೆಯಲ್ಲಿ ಉಣ್ಣುವವರ ಎಣಿಕೆ ತಿಳಿದೇ ಅಡುಗೆ ಮಾಡಿಸಲಿ. ಉಳಿದರೆ ಅಂದೇ ಹಸಿದವರಿಗೆ ಮುಟ್ಟಿಸಲಿ. ಭೋಗೋಪಭೋಗ ಪರಿಮಾಣ ವ್ರತವು ಖರೀದಿಯ ಚೀಟಿಯಿಂದಲೇ ಆರಂಭವಾಗಬೇಕು.