ಧನುರ್ಮಾಸದ ಚಳಿಯೂ ಭೂಮಿಯ ಕಾವೂ

ಡಿಸೆಂಬರ್ ತಿಂಗಳ ನಡುಭಾಗ ದಾಟಿ, ಈಶಾನ್ಯ ಮಾರುತದ ಮಳೆ ಹಿಂದೆಗೆದು, ಬೆಳಗಿನ ಜಾವಕ್ಕೆ ತೆಳುವಾಗಿ ಮಂಜು ಕವಿಯತೊಡಗಿತೆಂದರೆ ಚೆನ್ನೈ ನಗರದ ಉಪಾಹಾರ ಗೃಹಗಳಲ್ಲಿಯೂ ಕಚೇರಿಗಳ ವರಾಂಡಗಳಲ್ಲಿಯೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ. “ಭೂಮಿ ಕಾಯುತ್ತಿದೆ ಎಂದು ಬೊಬ್ಬಿಡುವವರೆಲ್ಲ ಎಲ್ಲಿ ಹೋದರು? ಈ ಚಳಿಗೆ ಏನು ಹೇಳುತ್ತಾರೆ?” ಎಂಬುದೇ ಆ ಮಾತು. ಹೇಳುವವರು ತಲೆಗೆ ಮಫ್ಲರು ಸುತ್ತಿ, ಬಿಸಿ ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದಿರುವುದರಿಂದ ಮಾತಿಗೆ ರುಜುವಾತು ಕಣ್ಣೆದುರಿಗೇ ಇದ್ದಂತೆ ತೋರುತ್ತದೆ. ಜನವರಿಯ ಕನಿಷ್ಠ ಉಷ್ಣಮಾನ ವಾಡಿಕೆಯಂತೆ 21 ಡಿಗ್ರಿಯ ಆಸುಪಾಸಿನಲ್ಲಿರುವ ಊರಿಗೆ ಮಫ್ಲರು ಏತಕ್ಕೆ ಎಂದು ಮಡಿಕೇರಿಯವರು ನಗಬಹುದು. ಅದು ಬೇರೆ ವಿಷಯ.

ನಗೆಮಾತೆಂದು ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಈ ಮಾತಿನಿಂದ ನಮ್ಮವರಿಗೆ, ಅದರಲ್ಲಿಯೂ ಅಡಿಗೆಮನೆಗಳಲ್ಲಿ ದುಡಿಯುವವರಿಗೆ, ನಷ್ಟವುಂಟು. ಅದನ್ನು ಮುಂದೆ ಹೇಳುವೆವು. ಮೊದಲು ಮಾತಿನಲ್ಲಿ ಹುರುಳೆಷ್ಟಿದೆ ಎಂಬುದನ್ನು ನೋಡೋಣ.

ನುಂಗಂಬಾಕ್ಕಂನ ಕಾಲೇಜು ರಸ್ತೆಯಲ್ಲಿರುವ ಹವಾಮಾನ ಕೇಂದ್ರದ ಆವರಣವು 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕಟ್ಟಿಸಿದ ಮದರಾಸು ವೀಕ್ಷಣಾಲಯದ ನೆಲೆ. ಹದಿನೆಂಟನೆಯ ಶತಮಾನದ ಕೊನೆಯಿಂದಲೇ ಈ ಊರಿನ ಬಿಸಿಲು ಮಳೆಗಳ ಲೆಕ್ಕವನ್ನು ಬರೆದಿಡುವ ಪದ್ಧತಿ ಅಲ್ಲಿ ಮೊದಲಾಯಿತು. ಆ ಲೆಕ್ಕದಂತೆ ನಗರದ ಅತ್ಯಂತ ಕಡಿಮೆಯ ಉಷ್ಣಮಾನ 13.9 ಡಿಗ್ರಿ ಸೆಲ್ಸಿಯಸ್. ಅದು ದಾಖಲಾದದ್ದು 1895ನೆಯ ಡಿಸೆಂಬರ್ 11ರಂದು; ಮತ್ತೊಮ್ಮೆ 1905ನೆಯ ಜನವರಿ 29ರಂದು. ವಿಚಿತ್ರವೇನೆಂದರೆ, ಮದರಾಸು ಹೀಗೆ ನಡುಗಿದ ಅದೇ 1895ನೆಯ ಡಿಸೆಂಬರ್ 11ರ ದಿನವೇ ಸ್ವೀಡನ್ನಿನ ರಾಜ ವಿಜ್ಞಾನ ಅಕಾಡೆಮಿಗೆ ಸ್ವಾಂಟೆ ಅರ್ಹೇನಿಯಸ್ ಎಂಬ ವಿಜ್ಞಾನಿಯು ಒಂದು ಪ್ರಬಂಧವನ್ನು ಒಪ್ಪಿಸಿದನು. ವಾಯುಮಂಡಲದಲ್ಲಿರುವ ಇಂಗಾಲಾಮ್ಲ ವಾಯು ಇಮ್ಮಡಿಯಾದರೆ ಭೂಮಿಯ ಉಷ್ಣಮಾನವು 5-6 ಡಿಗ್ರಿಗಳಷ್ಟು ಏರುವುದೆಂದು ಅವನು ಅದರಲ್ಲಿ ಲೆಕ್ಕ ಹಾಕಿ ತೋರಿಸಿದ್ದನು. ಇಂದಿನ ವಿಜ್ಞಾನಿಗಳ ಅಂದಾಜು ಸುಮಾರು 3 ಡಿಗ್ರಿ. ಯಂತ್ರಗಳ ನೆರವಿಲ್ಲದೆ ಕೈಯಲ್ಲಿ ಮಾಡಿದ ಲೆಕ್ಕಕ್ಕೆ ಅದೇನೂ ಅವಮಾನವಲ್ಲ. ಎರಡು ಘಟನೆಗಳ ದಿನ ಒಂದೇ ಆದದ್ದು ಕೇವಲ ಕಾಕತಾಳೀಯ. ಆದರೂ ಅಂದು ಮದರಾಸಿನ ಯಾರಾದರೂ ಆ ಪ್ರಬಂಧವನ್ನು ಕೈಗೆತ್ತಿಕೊಂಡಿದ್ದರೆ ಕಂಬಳಿಯೊಳಗಿನಿಂದಲೇ ನಕ್ಕು ಬದಿಗಿಡುತ್ತಿದ್ದರು. ಪ್ರಬಂಧ ಉಳಿಯಿತು, ಆ ಮುಂಜಾನೆಯ ಚಳಿ ಹೊತ್ತೇರುವುದರೊಳಗೆ ಕರಗಿತು.

ಗುಮಾಸ್ತರಾದ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಿರ್ದಿ ಬೇರೆ, ಖಾತೆ ಬೇರೆ, ವರ್ಷಾಂತ್ಯದ ಅಢಾವೆ ಪತ್ರಿಕೆ ಬೇರೆ. ಚಂಡಮಾರುತದ ದಿನ ಗಿರಾಕಿಗಳು ಬಾರದೆ ಗಲ್ಲಾಪೆಟ್ಟಿಗೆ ಬರಿದಾದರೆ, ಹೋಟೆಲು ದಿವಾಳಿಯೆದ್ದಿತೆಂದು ಯಾವ ಯಜಮಾನನೂ ಹೇಳುವುದಿಲ್ಲ. ಹಬ್ಬದ ದಿನ ತುಂಬಿ ತುಳುಕಿದರೆ ಸಾಲವೆಲ್ಲ ತೀರಿತೆಂದೂ ಹೇಳುವುದಿಲ್ಲ. ಇಂದಿನ ಹವೆಯೆಂಬುದು ಕಿರ್ದಿಯ ಒಂದು ಸಾಲು. ವಾಯುಗುಣವೆಂಬುದು ಮೂವತ್ತು ವರ್ಷಗಳ ಸಾಲುಗಳನ್ನು ಕೂಡಿ ಭಾಗಿಸಿ ಪಡೆದ ಫಲ. ನಮ್ಮ ಹಿರಿಯರಿಗೂ ಈ ಭೇದ ತಿಳಿದಿತ್ತು. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗುತ್ತದೆಂಬ ಗಾದೆ ಎಷ್ಟೋ ತಲೆಮಾರುಗಳ ಸರಾಸರಿಯಿಂದ ಹುಟ್ಟಿದ್ದು. ಒಂದು ವರ್ಷ ಶಿವರಾತ್ರಿ ಕಳೆದ ಮೇಲೆಯೂ ಹೊದಿಕೆ ಬೇಕಾಯಿತೆಂದು ಯಾರೂ ಗಾದೆಯನ್ನು ಸುಳ್ಳೆನ್ನಲಿಲ್ಲ.

2021ನೆಯ ಇಸವಿಯನ್ನು ತೆಗೆದುಕೊಳ್ಳಿ. ಆ ವರ್ಷದ ಮೊದಲ ದಿನವೇ, ಜನವರಿ 1ರಂದು, ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಪಾದರಸ 1.1 ಡಿಗ್ರಿಗೆ ಇಳಿದಿತ್ತು. ವರ್ಷ ಮುಗಿದು ದೇಶದ ಒಟ್ಟು ಲೆಕ್ಕ ಬಂದಾಗ 1901ರಿಂದೀಚಿನ ಅತ್ಯುಷ್ಣ ವರ್ಷಗಳ ಸಾಲಿನಲ್ಲಿ ಅದಕ್ಕೆ ಐದನೆಯ ಸ್ಥಾನ. ಅಮೆರಿಕದಲ್ಲಿ ಜೇಮ್ಸ್ ಇನ್ಹೋಫ್ ಎಂಬ ಸೆನೆಟರು 2015ನೆಯ ಫೆಬ್ರವರಿಯಲ್ಲಿ ಹಿಮದ ಉಂಡೆಯೊಂದನ್ನು ಸಭೆಯೊಳಗೇ ತಂದು, ಹೊರಗೆ ಬಹಳ ಚಳಿಯಿದೆಯೆಂದು ತೋರಿಸಿ ಎಸೆದದ್ದನ್ನು ಕೆಲವರು ಬಲ್ಲರು. ಅದುವರೆಗಿನ ದಾಖಲೆಗಳಲ್ಲೆಲ್ಲ ಅತ್ಯಂತ ಉಷ್ಣವಾದ ವರ್ಷವೆಂದು ಜಗತ್ತಿಗೆ ಗೊತ್ತಾದದ್ದು ಅದೇ 2015. ದೊಡ್ಡ ಸಭೆಗಳಲ್ಲಿ ಕುಳಿತವರೂ ನಮ್ಮ ವರಾಂಡದ ಮಾತನ್ನೇ ಆಡುತ್ತಾರೆಂಬುದಕ್ಕೆ ಇದೊಂದು ನಿದರ್ಶನ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಚಳಿಯ ಒಂದು ದಿನವನ್ನು ಸಾಕ್ಷಿಗೆ ಕರೆಯಬಾರದಾದರೆ ಬಿಸಿಲಿನ ಒಂದು ದಿನವನ್ನೂ ಕರೆಯಲಾಗದು. 2003ನೆಯ ಮೇ 31ರಂದು ನುಂಗಂಬಾಕ್ಕಂನಲ್ಲಿ 45 ಡಿಗ್ರಿ ದಾಖಲಾಯಿತು. ಅದೊಂದೇ ಅಂಕಿಯನ್ನು ಹಿಡಿದು ಲೋಕವೇ ಕಾದುಹೋಯಿತೆನ್ನುವವರು ಮಫ್ಲರಿನವರಿಗಿಂತ ಬುದ್ಧಿವಂತರಲ್ಲ. ಅದೂ ಅಲ್ಲದೆ ಚೆನ್ನೈಯ ಕೆರೆಗಳು ಬಡಾವಣೆಗಳಾಗಿ, ಹೆಂಚಿನ ಮನೆಗಳು ಕಾಂಕ್ರೀಟಿನ ಪೆಟ್ಟಿಗೆಗಳಾಗಿರುವುದರಿಂದ ನಗರದ ಕಾವಿನಲ್ಲಿ ನಗರದ್ದೇ ಒಂದು ಪಾಲಿದೆ. ಆದಕಾರಣ ನೋಡಬೇಕಾದುದು ಒಂದು ಊರನ್ನಲ್ಲ, ಒಂದು ದಿನವನ್ನಲ್ಲ. ನೆಲ ಕಡಲುಗಳೆರಡನ್ನೂ ಸೇರಿಸಿದ ಒಟ್ಟು ಲೆಕ್ಕವನ್ನು. ಆ ಲೆಕ್ಕದಲ್ಲಿ ಅನುಮಾನಕ್ಕೆ ಎಡೆಯಿಲ್ಲ. 2015ರಿಂದ 2024ರವರೆಗಿನ ಹತ್ತು ವರ್ಷಗಳೇ ಅದುವರೆಗಿನ ದಾಖಲೆಯ ಅತ್ಯುಷ್ಣವಾದ ಹತ್ತು ವರ್ಷಗಳು. 2024ರಲ್ಲಿ ಜಗತ್ತಿನ ಸರಾಸರಿಯು 1850-1900ರ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಮೇಲಿತ್ತು. ಭಾರತದ ಸರಾಸರಿ ಉಷ್ಣಮಾನ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿತು. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈಯಂತೂ 1951ರಿಂದ 2015ರೊಳಗೆ 1 ಡಿಗ್ರಿಯಷ್ಟು ಕಾಯ್ದಿತು. ಮರೀನಾದ ಗಾಳಿ ಬೀಸಿಬರುವುದು ಆ ಸಾಗರದ ಮೇಲಿನಿಂದಲೇ.

ಹಾಗಾದರೆ ಧನುರ್ಮಾಸದ ಚಳಿ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲವೆ? ಕಿವಿಗೊಟ್ಟರೆ ಹೇಳುತ್ತದೆ; ಆದರೆ ಜನರು ಅದರ ಬಾಯಲ್ಲಿ ಹೇಳಿಸುವುದನ್ನಲ್ಲ. ಹುಗ್ಗಿಯ ನೈವೇದ್ಯಕ್ಕೆಂದು ಬ್ರಾಹ್ಮೀ ಮುಹೂರ್ತದಲ್ಲಿ ಏಳುವವರೂ, ಮೊದಲ ಹಂಡೆ ಇಡ್ಲಿಗೆಂದು ನಾಲ್ಕು ಗಂಟೆಗೆ ಒಲೆ ಹಚ್ಚುವವರೂ ಒಂದನ್ನು ಗಮನಿಸಿರಬೇಕು. ಆಕಾಶ ನಿರ್ಮಲವಾಗಿ ನಕ್ಷತ್ರಗಳು ಸ್ಪಷ್ಟವಾಗಿ ಕಾಣುವ ರಾತ್ರಿಯೇ ಚಳಿ ಹೆಚ್ಚು. ಮೋಡ ಕವಿದಿದ್ದರೆ ಅದೇ ತಿಂಗಳಲ್ಲಿ ಬೆವರುವುದೂ ಉಂಟು. ಹಗಲೆಲ್ಲ ನೆಲ ಹೀರಿಕೊಂಡ ಶಾಖವು ರಾತ್ರಿ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಆಕಾಶಕ್ಕೆ ಮರಳುತ್ತದೆ. ಮೋಡವೂ ಗಾಳಿಯ ತೇವವೂ ಅದನ್ನು ತಡೆದು ಒಂದು ಪಾಲನ್ನು ಕೆಳಕ್ಕೆ ಹಿಂದಿರುಗಿಸುತ್ತವೆ. ಇಂಗಾಲಾಮ್ಲ ವಾಯು ಮಾಡುವುದೂ ಈ ಕೆಲಸವನ್ನೇ. ವ್ಯತ್ಯಾಸವಿಷ್ಟೆ: ಮೋಡ ಬೆಳಗಾಗುವುದರೊಳಗೆ ಚದರುತ್ತದೆ, ಇದರ ಒಂದು ದೊಡ್ಡ ಪಾಲು ಶತಮಾನಗಳ ಕಾಲ ಚದರುವುದಿಲ್ಲ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280 ಭಾಗವಿದ್ದ ಈ ವಾಯು ಇಂದು 420ನ್ನು ಮೀರಿದೆ. ಕೊಳದಪ್ಪಲೆಗೆ ಮುಚ್ಚಳವಿಟ್ಟರೆ ಒಲೆಯುರಿ ಹೆಚ್ಚಿಸದೆಯೇ ಒಳಗಿನದು ಬೇಗ ಕುದಿಯುವುದನ್ನು ಬಾಣಸಿಗರು ದಿನವೂ ಕಾಣುತ್ತಾರೆ. ಹೋಲಿಕೆ ಅಕ್ಷರಶಃ ಸರಿಯಲ್ಲವಾದರೂ ದಾರಿ ತೋರಿಸೀತು. ಹೀಗೆ ಬಯಲಾದ ಆಕಾಶದ ಕೆಳಗೆ ನಡುಗುವ ಮನುಷ್ಯನು, ಮುಚ್ಚಳ ತೆಗೆದಾಗ ಏನಾಗುವುದೆಂಬುದನ್ನು ತನ್ನ ಮೈಯಿಂದಲೇ ಅರಿಯುತ್ತಿದ್ದಾನೆ.

ಚಳಿಗಾಲವೇ ಇಲ್ಲವಾಗುವುದೆಂದು ವಿಜ್ಞಾನಿಗಳು ಹೇಳಿದವರಲ್ಲ. ಭೂಮಿಯ ಅಕ್ಷ ವಾಲಿರುವವರೆಗೆ ಋತುಗಳು ಬರುತ್ತವೆ. ಚೆನ್ನೈಯ ಜನವರಿಯ ಮುಂಜಾನೆಗೂ ಮೇ ತಿಂಗಳ ಮಧ್ಯಾಹ್ನಕ್ಕೂ ಸುಮಾರು 16 ಡಿಗ್ರಿಗಳ ಅಂತರವಿರುವಾಗ ಒಂದು ಒಂದೂವರೆ ಡಿಗ್ರಿಯ ಏರಿಕೆ ಆ ಅಂತರವನ್ನು ಅಳಿಸಲಾರದು. ಉತ್ತರ ಧ್ರುವ ಬೇಗ ಕಾಯುತ್ತಿರುವುದೇ ಶೀತಗಾಳಿಯನ್ನು ಆಗಾಗ ದಕ್ಷಿಣಕ್ಕೆ ನೂಕುತ್ತಿದೆಯೆ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರೊಳಗೇ ಭಿನ್ನಾಭಿಪ್ರಾಯವಿದೆ. ಅದು ಅವರ ವಾದ, ಅವರೇ ತೀರಿಸಿಕೊಳ್ಳಲಿ.

ಈಗ ನಷ್ಟದ ಮಾತು. ಒಂದೂವರೆ ಡಿಗ್ರಿ ಚಳಿಗಾಲದಲ್ಲಿ ಲೆಕ್ಕಕ್ಕೆ ಬಾರದಿರಬಹುದು. ಆದರೆ ಮೇ ತಿಂಗಳಲ್ಲಿ, ಸಮುದ್ರದ ತೇವದಿಂದ ಬೆವರೇ ಆರದ ಈ ಊರಿನಲ್ಲಿ, ಮೂರು ಒಲೆಗಳೂ ಒಂದು ಹಬೆಯ ಹಂಡೆಯೂ ಇರುವ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತವನಿಗೆ ಅದು ಅಲ್ಪವಲ್ಲ. ಕುಂದಾಪುರ, ಬೈಂದೂರುಗಳಿಂದ ಬಂದ ನಮ್ಮವರಿಗೂ ಅವರ ಪಕ್ಕದಲ್ಲಿ ನಿಂತ ಬಿಹಾರ, ಅಸ್ಸಾಮಿನ ಹುಡುಗರಿಗೂ ಇದು ಒಂದೇ. ಕರಾವಳಿಯಲ್ಲಿ ಬಿಸಿಗಾಳಿಯೆಂದು ಘೋಷಿಸಬೇಕಾದರೆ ಗರಿಷ್ಠ ಉಷ್ಣಮಾನ 37 ಡಿಗ್ರಿ ಮುಟ್ಟಿ ವಾಡಿಕೆಯನ್ನು 4.5 ಡಿಗ್ರಿಯಾದರೂ ಮೀರಿರಬೇಕೆಂಬುದು ಹವಾಮಾನ ಇಲಾಖೆಯ ಅಳತೆ. ಆ ಅಳತೆ ತೆಗೆಯುವುದು ಬಯಲಿನಲ್ಲಿ, ನೆರಳಿನ ಪೆಟ್ಟಿಗೆಯೊಳಗೆ; ದೋಸೆಕಾವಲಿಯ ಮುಂದೆ ಅಲ್ಲ. ತಮಿಳುನಾಡು ಸರ್ಕಾರವು 2024ನೆಯ ಅಕ್ಟೋಬರಿನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಸಾರಿ, ಅದರಿಂದ ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಪಡಿಸಿದ್ದು ಮೆಚ್ಚತಕ್ಕದ್ದೇ. ಆದರೆ ಅಡಿಗೆಮನೆಯೊಳಗೆ ಕುಸಿದವನ ವಿಷಯದಲ್ಲಿ ಕಾರಣ ಬಿಸಿಲೋ ಒಲೆಯೋ ಎಂದು ನಿರ್ಣಯಿಸುವವರಾರು?

ಧಣಿಗಳ ಮುಂದೆ ಈ ಮಾತನ್ನು ಮೇ ತಿಂಗಳಲ್ಲಿ ಎತ್ತಿದರೆ “ಇನ್ನು ಹದಿನೈದು ದಿನ ತಡೆದುಕೋ” ಎನ್ನುತ್ತಾರೆ. ಡಿಸೆಂಬರಿನಲ್ಲಿ ಎತ್ತಿದರೆ “ಎಲ್ಲಿದೆಯಯ್ಯಾ ಬಿಸಿಲು” ಎನ್ನುತ್ತಾರೆ. ಹೀಗಾಗಿ ಹೊಗೆ ಹೊರದೂಡುವ ಫ್ಯಾನು ಬರುವುದಿಲ್ಲ, ಗೋಡೆಯಲ್ಲಿ ಒಂದು ಗವಾಕ್ಷಿ ತೆರೆಯುವುದಿಲ್ಲ, ಕೆಲಸಗಾರರು ಮಲಗುವ ಮೇಲ್ಮಹಡಿಯ ತಾರಸಿಗೆ ಸುಣ್ಣ ಬೀಳುವುದಿಲ್ಲ. ಚಳಿಯನ್ನು ನೋಡಿ ನಗುವ ಮಾತು ಈ ಎರಡನೆಯ ಉತ್ತರಕ್ಕೆ ಪುಷ್ಟಿ ಕೊಡುತ್ತದೆ. ನೌಕರರೇ ಅದನ್ನು ಆಡುವುದು ನಮಗೆ ಹೆಚ್ಚು ವ್ಯಸನದ ಸಂಗತಿ. ಗೋಡೆ ಒಡೆಯುವ, ತಂತಿ ಎಳೆಯುವ, ತಾರಸಿಗೆ ಸುಣ್ಣ ಬಳಿಯುವ ಕೆಲಸಗಳಿಗೆ ತಕ್ಕ ಕಾಲ ಮಳೆ ನಿಂತು ಬಿಸಿಲೇರದ ಈ ಜನವರಿ, ಫೆಬ್ರವರಿಗಳೇ. ಅಗ್ನಿನಕ್ಷತ್ರ ಹುಟ್ಟುವುದು ಮೇ ತಿಂಗಳ ಮೊದಲ ವಾರದಲ್ಲಿ; ಅಷ್ಟರೊಳಗೆ ಒಂದೊಂದು ಅಡಿಗೆಮನೆಯ ಗೋಡೆಗೂ ಒಂದು ಉಷ್ಣಮಾಪಕವನ್ನು ತೂಗುಹಾಕಿ, ಅದು ತೋರಿಸುವುದನ್ನು ದಿನವೂ ಮಧ್ಯಾಹ್ನ ಕಿರ್ದಿಯ ಅಂಚಿನಲ್ಲಿ ಬರೆದಿಡುವ ಪದ್ಧತಿಯನ್ನು ಗುಮಾಸ್ತರು ಈಗಲೇ ಆರಂಭಿಸಬಹುದು.